ಕೂದಲೆಳೆಯ ದಾರಕ್ಕೆ ಕಡಲ ದೈತ್ಯ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಫ್ಲೈ ಫಿಶಿಂಗ್ ಎಂದರೆ ತೊರೆಯ ಟ್ರೌಟ್ ಮೀನಿಗೆ ಪುಕ್ಕ ಸುತ್ತಿದ ಗಾಳ ಎಸೆಯುವುದು ಎಂದುಕೊಂಡಿದ್ದೆ. ಅದೇ ವಿಧಾನದಲ್ಲಿ ಸಮುದ್ರದ ಸೈಲ್‌ಫಿಶ್, ಮಾರ್ಲಿನ್‌ಗಳನ್ನೂ ಹಿಡಿಯುತ್ತಾರಂತೆ. ಐದಾರು ಕಿಲೋ ಭಾರಕ್ಕೇ ಹರಿಯುವ ದಾರದಲ್ಲಿ ಅದು ಹೇಗೆ ಸಾಧ್ಯ? ಮೊದಲು ಸಾಧಿಸಿದವರು ಯಾರು?

ಉತ್ತರ: ದಾರ ಹರಿಯದಂತೆ ನೋಡಿಕೊಳ್ಳುವುದು ನಂತರದ ಮಾತು, ಅಂಥ ಮೀನನ್ನು ಫ್ಲೈ ಎಟಕುವಷ್ಟು ಹತ್ತಿರಕ್ಕೆ ತರುವುದೇ ಮೊದಲ ತೊಡಕು. ಫ್ಲೈಗೆ ಹೇಳಿಕೊಳ್ಳುವಂಥ ತೂಕವಿಲ್ಲದ ಕಾರಣ ಅದನ್ನು ಹಿಂದಿನ ದಪ್ಪ ದಾರದ ಭಾರದಿಂದಲೇ ಬೀಸಿ ಎಸೆಯಬೇಕು. ಸೈಲ್‌ಫಿಶ್‌ಗೆ ಬೇಕಾದ ದೊಡ್ಡ ಫ್ಲೈ ಗಾಳಿಗೆ ತಡೆಯೊಡ್ಡುವುದರಿಂದ, ಓಲಾಡುವ ದೋಣಿಯಿಂದ ಅದು ಬಹು ದೂರ ಹೋಗುವುದೂ ಇಲ್ಲ.

ಇದಕ್ಕೆ ದಾರಿ ಕಂಡುಕೊಂಡವರು ಫ್ಲೋರಿಡಾದ ಕೀ ವೆಸ್ಟ್‌ನ ಡಾ. ವೆಬ್‌ಸ್ಟರ್ ರಾಬಿನ್ಸನ್, ಪತ್ನಿ ಹೆಲೆನ್ ಹಾಗೂ ಕ್ಯಾಪ್ಟನ್ ಲೆಫ್ಟಿ ರೀಗನ್. ಗಾಳವಿಲ್ಲದ ಎರೆಯನ್ನು ದೋಣಿಯ ಹಿಂದೆ ಎಳೆಯುತ್ತ ಹೋಗಿ, ಮೀನು ಬಾಯಿ ಹಾಕಿದಾಗಲೆಲ್ಲ ಎರೆಯನ್ನು ಅದರ ಬಾಯಿಂದ ಕಿತ್ತುಕೊಂಡು, ಮತ್ತೆ ಆಸೆ ಹುಟ್ಟಿಸಿ, ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ಸೆಳೆಯುವುದು ಅವರ ತಂತ್ರ. ಮೀನು ಕೆರಳಿ ಮೈಬಣ್ಣ ಹೊಳೆಯಲಾರಂಭಿಸಿದಾಗ ಎಂಜಿನ್ನಿನ ಗೇರ್ ತೆಗೆದು, ಎರೆಯನ್ನು ತಟ್ಟನೆ ನೀರಿನಿಂದ ಎತ್ತಿ, ಅದೇ ಗಳಿಗೆಯಲ್ಲಿ ಫ್ಲೈಯನ್ನು ಆ ಜಾಗಕ್ಕೆ ಎಸೆಯಬೇಕು. ಮೀನಿನ ಮೂತಿಯ ಮುಂದಕ್ಕಿಂತ ತುಸು ಹಿಂದೆ, ಪಕ್ಕಕ್ಕೆ ಬಿದ್ದರೆ ಒಳ್ಳೆಯದು. ಅದು ದೋಣಿಗೆ ಬೆನ್ನು ಮಾಡಿ ತಿರುಗಿ ಕಚ್ಚುವುದರಿಂದ ಗಾಳ ಬಾಯಿಯ ಅಂಚಿನಲ್ಲಿ ಭದ್ರವಾಗಿ ನೆಡುತ್ತದೆ. 1962ರಲ್ಲಿ ಪನಾಮಾದ ಪಿನ್ಯಾಸ್ ಕೊಲ್ಲಿಯ ಕಡಲಿನಲ್ಲಿ ರಾಬಿನ್ಸನ್ ಹೀಗೆ ಸೈಲ್‌ಫಿಶ್ ಹಿಡಿದರು. ದಾಖಲೆಯಲ್ಲಿ ಕೋಲು ಹಿಡಿದವರ ಹೆಸರಷ್ಟೇ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಎರೆಯಾಡಿಸಿದ ಹೆಲೆನ್ ಅವರದೂ ಸಮಪಾಲು.

ಇನ್ನು ದಾರದ ವಿಚಾರ. ಪ್ಯಾನ್ ಆಮ್ ವಿಮಾನದ ಪೈಲಟ್ ಆಗಿದ್ದ ಸ್ಟೂ ಆಪ್ಟೆ 1965ರಲ್ಲಿ ಅದೇ ಪನಾಮಾ ಕಡಲಿನಲ್ಲಿ 136 ಪೌಂಡ್, ಅಂದರೆ ಸುಮಾರು 62 ಕಿಲೋ ತೂಕದ ಸೈಲ್‌ಫಿಶ್ ಹಿಡಿದಾಗ ಅವರ ಟಿಪೆಟ್ (ದಪ್ಪ ದಾರಕ್ಕೂ ಫ್ಲೈಗೂ ನಡುವಿನ ತೆಳು ಎಳೆ) ತಾಳುತ್ತಿದ್ದುದು 12 ಪೌಂಡ್ ಎಳೆತವನ್ನು ಮಾತ್ರ. ಮೀನಿನ ತೂಕವನ್ನು ನೀರು ಹೊತ್ತಿರುತ್ತದೆ, ದಾರ ತಡೆಯಬೇಕಾದದ್ದು ಅದರ ಓಟವನ್ನು. ಆದ್ದರಿಂದ ಓಡಲು ಬಿಟ್ಟು ದಣಿಸುವುದೇ ಉಪಾಯ. ಇಲ್ಲಿ ಅನುಭವವಿಲ್ಲದವರು ಎಡವುವುದುಂಟು: ರೀಲಿನಿಂದ ದಾರ ಬಿಚ್ಚಿದಂತೆ ಸುರುಳಿಯ ವ್ಯಾಸ ಕುಗ್ಗಿ ಬ್ರೇಕಿನ ಬಿಗಿ ತಾನಾಗಿ ಏರುತ್ತದೆ, ನೀರಿನಲ್ಲಿ ಬಿಲ್ಲಿನಂತೆ ಬಾಗಿದ ಉದ್ದ ದಾರದ ತಡೆಯೂ ಅದಕ್ಕೆ ಸೇರುತ್ತದೆ, ಹೀಗಾಗಿ ಮೀನು ದೂರ ಹೋದಷ್ಟೂ ಬ್ರೇಕನ್ನು ಸಡಿಲಿಸಬೇಕೇ ಹೊರತು ಬಿಗಿಗೊಳಿಸಬಾರದು. ಮೀನು ನೆಗೆದಾಗ ಕೋಲನ್ನು ಮುಂದಕ್ಕೆ ಬಾಗಿಸಿ ದಾರ ಸಡಿಲ ಬಿಡುವುದು ಆಪ್ಟೆ ಅವರಂಥ, ಟಾರ್ಪನ್ ಎಂಬ ದೊಡ್ಡ ಕಡಲ ಮೀನಿನ ಬೇಟೆಗಾರರು ರೂಢಿಸಿದ ಪಾಠ.

ದಾಖಲೆಗೆ ಕಟ್ಟುನಿಟ್ಟಿನ ನಿಯಮಗಳಿವೆ. ಟಿಪೆಟ್ ಕನಿಷ್ಠ 15 ಅಂಗುಲ ಇರಬೇಕು. ಒರಟು ಬಾಯಿಗೆ ಸವೆಯದಂತೆ ಫ್ಲೈಯ ಬಳಿ ಕಟ್ಟುವ ದಪ್ಪ ದಾರ 12 ಅಂಗುಲ ಮೀರಬಾರದು. ಫ್ಲೈಯನ್ನು ದೋಣಿಯ ಹಿಂದೆ ಎಳೆದು ಹಿಡಿದ ಮೀನು ಲೆಕ್ಕಕ್ಕೆ ಬರುವುದಿಲ್ಲ. ಬಿಲ್ಲಿ ಪೇಟ್ 1982ರಲ್ಲಿ ಫ್ಲೋರಿಡಾದ ಹೊಮೊಸಾಸಾದಲ್ಲಿ ಹಿಡಿದ 188 ಪೌಂಡಿನ ಟಾರ್ಪನ್ ದಾಖಲಾದದ್ದು 16 ಪೌಂಡ್ ಟಿಪೆಟ್‌ನ ವರ್ಗದಲ್ಲಿ.