ಮಹಿಳೆಯರಿಗಾಗಿ ಹುಟ್ಟಿದ ಗೇಟ್‌ವೇ ಕಾನ್ಫರೆನ್ಸ್ ಪುರುಷರ ಫುಟ್‌ಬಾಲ್ ಸಂಸ್ಥೆಯಾದದ್ದು ಹೇಗೆ?

ಅಮೆರಿಕದ ಮಿಸೌರಿ ವ್ಯಾಲಿ ಫುಟ್‌ಬಾಲ್ ಕಾನ್ಫರೆನ್ಸ್ ಮೂಲದಲ್ಲಿ ಮಹಿಳೆಯರ ಕ್ರೀಡಾ ಸಂಸ್ಥೆಯಾಗಿತ್ತು ಎಂದು ಎಲ್ಲೋ ಓದಿದ್ದಾಗಿಯೂ, ಅದು ನಿಜವಾಗಿದ್ದರೆ ಅಲ್ಲಿದ್ದ ಮಹಿಳೆಯರ ಕ್ರೀಡೆಗಳು ಏನಾದವು ಎಂದು ತಿಳಿಯಬೇಕೆಂದೂ ನೀವು ಕೇಳಿದ್ದೀರಿ. ನೀವು ಓದಿದ್ದು ನಿಜ. 1982ರಲ್ಲಿ ಗೇಟ್‌ವೇ ಕಾಲೇಜಿಯೇಟ್ ಅಥ್ಲೆಟಿಕ್ ಕಾನ್ಫರೆನ್ಸ್ ಎಂಬ ಹೆಸರಿನಲ್ಲಿ ಅದು ಹುಟ್ಟಿದಾಗ ಅದರಲ್ಲಿ ಪುರುಷರ ಒಂದು ಕ್ರೀಡೆಯೂ ಇರಲಿಲ್ಲ. ಮೂರು ವರ್ಷಗಳ ನಂತರ ಫುಟ್‌ಬಾಲ್ ಬಂದು ಸೇರಿತು, ಹತ್ತು ವರ್ಷಗಳ ನಂತರ ಮಹಿಳೆಯರ ಕ್ರೀಡೆಗಳು ಬೇರೆಡೆಗೆ ಹೋದವು, ಫುಟ್‌ಬಾಲ್ ಮಾತ್ರ ಉಳಿಯಿತು. ಇಷ್ಟನ್ನೇ ಹೇಳಿ ಮುಗಿಸಿದರೆ ಇದೊಂದು ವಿಚಿತ್ರ ಸಂಗತಿಯಂತೆ ಕಾಣುತ್ತದೆ. ಅಮೆರಿಕದ ಕಾಲೇಜು ಮಹಿಳೆಯರ ಕ್ರೀಡಾ ಇತಿಹಾಸವನ್ನು ಬಹಳ ಕಾಲದಿಂದ ಆಸಕ್ತಿಯಿಂದ ಓದುತ್ತಾ ಬಂದಿರುವ ನನಗೆ, ಆ ದಶಕದಲ್ಲಿ ಮಹಿಳೆಯರು ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಕ್ಕಿಲ್ಲ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮಲ್ಲಿ ಅಂತರ ಕಾಲೇಜು ಪಂದ್ಯಗಳನ್ನು ಆಯಾ ವಿಶ್ವವಿದ್ಯಾಲಯವೇ ನಡೆಸುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಎಂಟು ಹತ್ತು ವಿಶ್ವವಿದ್ಯಾಲಯಗಳು ತಾವೇ ಸೇರಿ ಒಂದು ಕಾನ್ಫರೆನ್ಸ್ ಕಟ್ಟಿಕೊಳ್ಳುತ್ತವೆ. ವರ್ಷದ ವೇಳಾಪಟ್ಟಿ, ನಿಯಮ, ತೀರ್ಪುಗಾರರ ನೇಮಕ, ಪ್ರಶಸ್ತಿ ಎಲ್ಲವೂ ಅದರ ಮೂಲಕ ನಡೆಯುತ್ತವೆ. ಕಾನ್ಫರೆನ್ಸ್‌ಗಳ ಮೇಲೆ ರಾಷ್ಟ್ರಮಟ್ಟದ ಆಡಳಿತ ಸಂಸ್ಥೆಯೊಂದು ಇರುತ್ತದೆ. ಪುರುಷರಿಗೆ ಆ ಸಂಸ್ಥೆ ಎನ್‌ಸಿಎಎ. ಮಹಿಳೆಯರಿಗೆ 1970ರವರೆಗೂ ಪೂರ್ಣ ಪ್ರಮಾಣದ ಅಂಥ ಸಂಸ್ಥೆಯೇ ಇರಲಿಲ್ಲ. ಸ್ಪರ್ಧೆಯ ಹುಚ್ಚು ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲವೆಂಬ ನಂಬಿಕೆ ದೈಹಿಕ ಶಿಕ್ಷಣದ ಅಧ್ಯಾಪಕಿಯರಲ್ಲೇ ದಶಕಗಳ ಕಾಲ ಬಲವಾಗಿತ್ತು. ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿನಿಯರನ್ನು ಒಟ್ಟುಗೂಡಿಸಿ, ಕಾಲೇಜಿಗೆ ಕಾಲೇಜು ಎದುರಾಗದಂತೆ ತಂಡಗಳನ್ನು ಬೆರೆಸಿ ಆಡಿಸುವ ಪದ್ಧತಿ ಬಹುಕಾಲ ನಡೆದುಕೊಂಡು ಬಂದಿತ್ತು.

ಆ ನಂಬಿಕೆಯನ್ನು ಸಡಿಲಿಸಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳನ್ನು ಆರಂಭಿಸಿದವರೂ ಅದೇ ಅಧ್ಯಾಪಕಿಯರ ಮುಂದಿನ ತಲೆಮಾರಿನವರು. ಅವರು 1971ರಲ್ಲಿ ರಚಿಸಿದ ಸಂಸ್ಥೆಯನ್ನು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎಐಎಡಬ್ಲ್ಯು ಎಂದು ಕರೆಯುತ್ತಿದ್ದರು. ಅದು ನಡೆಸಿದ ಮೊದಲ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ 1972ರ ಮಾರ್ಚ್‌ನಲ್ಲಿ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜರುಗಿತು. ಅದನ್ನು ಗೆದ್ದದ್ದು ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕ್ಯಾಥೊಲಿಕ್ ಮಹಿಳಾ ಕಾಲೇಜು. ಅಂತಿಮ ಪಂದ್ಯದಲ್ಲಿ ಅದು ವೆಸ್ಟ್ ಚೆಸ್ಟರ್ ತಂಡವನ್ನು 52–48ರಿಂದ ಸೋಲಿಸಿತು. ಹಲ್ಲುಜ್ಜುವ ಬ್ರಷ್‌ಗಳನ್ನು ಮಾರಿ ಪ್ರಯಾಣದ ಹಣ ಕೂಡಿಸುತ್ತಿದ್ದ ಆ ತಂಡದಲ್ಲಿ ಹನ್ನೊಂದು ಮಂದಿಯಿದ್ದರೂ ಎಂಟು ಮಂದಿಯನ್ನು ಕರೆದೊಯ್ಯಲು ಮಾತ್ರ ಹಣ ಸಾಕಾಗಿತ್ತು. ಅದೇ ವರ್ಷದ ಜೂನ್‌ನಲ್ಲಿ, ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಟೈಟಲ್ ನೈನ್ ಕಾನೂನಿಗೆ ಅಂಕಿತ ಬಿದ್ದಿತು.

ಇಲಿನಾಯ್ ಸ್ಟೇಟ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಗೇಟ್‌ವೇ ಕಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. ಅಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದ ಜಿಲ್ ಹಚಿಸನ್, ಐವರ ತಂಡವಾಗಿ ಅಂಕಣದ ಉದ್ದಗಲಕ್ಕೂ ಓಡಿ ಆಡುವುದರಿಂದ ಮಹಿಳೆಯರ ಹೃದಯಕ್ಕೆ ಅಪಾಯವಿಲ್ಲವೆಂಬುದನ್ನು ತಮ್ಮ ಸಂಶೋಧನೆಯಲ್ಲಿ ತೋರಿಸಿದವರು. ಅದಕ್ಕೂ ಮೊದಲು ಆರು ಮಂದಿಯ ತಂಡದಲ್ಲಿ ಹೆಚ್ಚಿನವರು ಅರ್ಧ ಅಂಕಣಕ್ಕೆ ಸೀಮಿತರಾಗಿ ಆಡಬೇಕಿತ್ತು. ಅದೇ ವಿಶ್ವವಿದ್ಯಾಲಯದ ಲಾರಿ ಮೇಬ್ರಿ, ದಕ್ಷಿಣಕ್ಕಿರುವ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಶಾರ್ಲಟ್ ವೆಸ್ಟ್ ಇಬ್ಬರೂ ಎಐಎಡಬ್ಲ್ಯು ಅಧ್ಯಕ್ಷರಾಗಿದ್ದವರು. ಅಂದರೆ ಮಹಿಳೆಯರ ಕಾಲೇಜು ಕ್ರೀಡೆಗೆ ರಾಷ್ಟ್ರಮಟ್ಟದಲ್ಲಿ ದಾರಿ ತೋರಿದ ಕೆಲವರು ಮಧ್ಯಪಶ್ಚಿಮದ ಇವೇ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೌಕರಿಯಲ್ಲಿದ್ದರು. ಗೇಟ್‌ವೇ ಸಂಸ್ಥೆ ಬರಿಯ ಕಾಗದದ ಏರ್ಪಾಡಾಗಿ ಹುಟ್ಟಲಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಎಐಎಡಬ್ಲ್ಯು ತನ್ನ ನಿಯಮಗಳಲ್ಲಿ ಪುರುಷರ ಮಾದರಿಯನ್ನು ಬೇಕೆಂದೇ ಬಿಟ್ಟು ನಡೆದಿತ್ತು. ಆಟಗಾರ್ತಿಯರನ್ನು ಸೆಳೆಯಲು ಕೋಚ್‌ಗಳು ಊರೂರು ಸುತ್ತಬಾರದು, ಕಾಲೇಜು ಬದಲಿಸಿದ ವಿದ್ಯಾರ್ಥಿನಿ ಒಂದು ವರ್ಷ ಸುಮ್ಮನೆ ಕೂರದೆ ಆಡಬಹುದು ಎಂಬಂಥ ನಿಯಮಗಳು ಅದರಲ್ಲಿದ್ದವು. ಆರಂಭದಲ್ಲಿ ಕ್ರೀಡಾ ವಿದ್ಯಾರ್ಥಿವೇತನವನ್ನೂ ನಿಷೇಧಿಸಿತ್ತು; 1973ರಲ್ಲಿ ಫ್ಲಾರಿಡಾದ ಟೆನಿಸ್ ಆಟಗಾರ್ತಿಯರು ನ್ಯಾಯಾಲಯಕ್ಕೆ ಹೋದ ಮೇಲೆ ಅದನ್ನು ಕೈಬಿಟ್ಟಿತು. ಹಣದ ಹಿಂದೆ ಬಿದ್ದ ಪುರುಷರ ಕ್ರೀಡೆಯ ಗತಿಯನ್ನು ಕಂಡಿದ್ದ ಆ ಮಹಿಳೆಯರ ಉದ್ದೇಶ ಶುದ್ಧವಾಗಿತ್ತು. ಆದರೆ ಓದಿನ ಖರ್ಚಿಗೆ ಕಷ್ಟಪಡುವ ಹುಡುಗಿಗೆ ಆ ಶುದ್ಧತೆಯಿಂದ ಪ್ರಯೋಜನವಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಏನೇ ಇರಲಿ, ಸುಮಾರು 280 ಕಾಲೇಜುಗಳಿಂದ ಆರಂಭವಾದ ಸಂಸ್ಥೆ ದಶಕದ ಕೊನೆಗೆ 900ಕ್ಕೂ ಹೆಚ್ಚು ಸದಸ್ಯರನ್ನು ಹೊಂದಿತ್ತು. ಅದರ ಅಧ್ಯಕ್ಷರು ಮಹಿಳೆಯರು, ಸಮಿತಿಗಳಲ್ಲಿದ್ದವರು ಮಹಿಳೆಯರು, ಸದಸ್ಯ ಕಾಲೇಜುಗಳ ಪರವಾಗಿ ಮತ ಹಾಕುತ್ತಿದ್ದವರೂ ಬಹುತೇಕ ಮಹಿಳೆಯರೇ.

ಟೈಟಲ್ ನೈನ್ ಕ್ರೀಡೆಗೆ ಅನ್ವಯವಾಗಬಾರದೆಂದು ಮೊದಲು ಬಲವಾಗಿ ವಿರೋಧಿಸಿದ್ದ ಎನ್‌ಸಿಎಎ, ಕಾನೂನು ಗಟ್ಟಿಯಾಗಿ ನಿಲ್ಲುತ್ತದೆಂದು ಮನವರಿಕೆಯಾದ ಮೇಲೆ ಮಹಿಳೆಯರ ಚಾಂಪಿಯನ್‌ಶಿಪ್‌ಗಳನ್ನು ತಾನೇ ನಡೆಸಲು ಮುಂದಾಯಿತು. 1981ರ ಜನವರಿಯಲ್ಲಿ ಮೊದಲ ದರ್ಜೆಯ ಕಾಲೇಜುಗಳ ಬಗ್ಗೆ ಮತಕ್ಕೆ ಹಾಕಿದಾಗ 124–124 ಸಮನಾಯಿತು; ಮರು ಎಣಿಕೆಯಲ್ಲಿ ಒಂದೇ ಮತದಿಂದ ಪ್ರಸ್ತಾವ ಬಿದ್ದಿತು; ಮತ್ತೆ ಪರಿಶೀಲನೆಗೆ ತಂದು ಅಂಗೀಕರಿಸಲಾಯಿತು. ಹೆಚ್ಚುವರಿ ಸದಸ್ಯತ್ವ ಶುಲ್ಕವಿಲ್ಲ, ತಂಡಗಳ ಪ್ರಯಾಣ ವೆಚ್ಚವನ್ನು ತಾನೇ ಭರಿಸುವೆ ಎಂದ ಎನ್‌ಸಿಎಎ ಎದುರು ಎಐಎಡಬ್ಲ್ಯು ನಿಲ್ಲುವುದು ಸಾಧ್ಯವಿರಲಿಲ್ಲ. 1982ರ ಮಾರ್ಚ್ 28ರಂದು ಎರಡೂ ಸಂಸ್ಥೆಗಳ ಬ್ಯಾಸ್ಕೆಟ್‌ಬಾಲ್ ಅಂತಿಮ ಪಂದ್ಯಗಳು ಒಂದೇ ದಿನ ನಡೆದವು: ಫಿಲಡೆಲ್ಫಿಯಾದಲ್ಲಿ ರಟ್ಗರ್ಸ್ ತಂಡ ಟೆಕ್ಸಸ್ ತಂಡವನ್ನು ಸೋಲಿಸಿ ಎಐಎಡಬ್ಲ್ಯುವಿನ ಕೊನೆಯ ಪ್ರಶಸ್ತಿ ಗೆದ್ದರೆ, ನಾರ್ಫಕ್‌ನಲ್ಲಿ ಲೂಯಿಸಿಯಾನ ಟೆಕ್ ತಂಡ ಎನ್‌ಸಿಎಎಯ ಮೊದಲ ಪ್ರಶಸ್ತಿ ಗೆದ್ದಿತು. ಆ ವರ್ಷದ ಜೂನ್ ಕೊನೆಗೆ ಎಐಎಡಬ್ಲ್ಯು ಕೆಲಸ ನಿಲ್ಲಿಸಿತು. ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಅದು ಹೂಡಿದ್ದ ಮೊಕದ್ದಮೆ 1983ರಲ್ಲಿ ಬಿದ್ದುಹೋಯಿತು; 1984ರಲ್ಲಿ ಮೇಲ್ಮನವಿಯೂ ಫಲಿಸಲಿಲ್ಲ.

ಗೇಟ್‌ವೇ ಹುಟ್ಟಿದ್ದು ಸರಿಯಾಗಿ ಈ ಹೊತ್ತಿನಲ್ಲಿ. ಎಐಎಡಬ್ಲ್ಯು ವ್ಯವಸ್ಥೆಯಲ್ಲಿ ತಂಡಗಳು ರಾಜ್ಯಮಟ್ಟದಿಂದ ವಲಯಕ್ಕೆ, ವಲಯದಿಂದ ರಾಷ್ಟ್ರಮಟ್ಟಕ್ಕೆ ಏರುತ್ತಿದ್ದವು. ಆ ಏಣಿ ಕಳಚಿಬಿದ್ದಾಗ, ಎನ್‌ಸಿಎಎಯ ಕಾನ್ಫರೆನ್ಸ್ ಪದ್ಧತಿಯೊಳಗೆ ಮಹಿಳೆಯರ ತಂಡಗಳು ತಮ್ಮ ನೆಲೆ ಹುಡುಕಿಕೊಳ್ಳಬೇಕಾಯಿತು. ಆದರೆ ಆ ಭಾಗದ ಮಿಸೌರಿ ವ್ಯಾಲಿ ಕಾನ್ಫರೆನ್ಸ್ (ನೀವು ಕೇಳಿದ ಫುಟ್‌ಬಾಲ್ ಕಾನ್ಫರೆನ್ಸ್‌ಗಿಂತ ಇದು ಬೇರೆ ಸಂಸ್ಥೆ) ಆಗ ಪುರುಷರಿಗಷ್ಟೇ ಮೀಸಲಾಗಿತ್ತು. ಆಗತಾನೇ ಕಟ್ಟಿದ್ದ ಮಿಡ್-ಕಾಂಟಿನೆಂಟ್ ಒಕ್ಕೂಟವೂ ಹಾಗೆಯೇ. ಆದ್ದರಿಂದ ಎರಡೂ ಕಡೆಗೆ ಸೇರಿದ ವಿಶ್ವವಿದ್ಯಾಲಯಗಳು ತಮ್ಮ ಮಹಿಳೆಯರ ತಂಡಗಳಿಗಾಗಿಯೇ ಪ್ರತ್ಯೇಕ ಕಾನ್ಫರೆನ್ಸ್ ಕಟ್ಟಿದವು. ಇಲಿನಾಯ್ ಸ್ಟೇಟ್, ಸದರ್ನ್ ಇಲಿನಾಯ್, ಈಸ್ಟರ್ನ್ ಇಲಿನಾಯ್, ವೆಸ್ಟರ್ನ್ ಇಲಿನಾಯ್, ಬ್ರಾಡ್ಲಿ, ಡ್ರೇಕ್, ನಾರ್ದರ್ನ್ ಅಯೋವಾ, ಇಂಡಿಯಾನಾ ಸ್ಟೇಟ್, ಸೌತ್‌ವೆಸ್ಟ್ ಮಿಸೌರಿ ಸ್ಟೇಟ್, ವಿಚಿಟಾ ಸ್ಟೇಟ್ ಇವು ಆ ಹತ್ತು. ಪ್ಯಾಟಿ ವಿವೆರಿಟೊ ಎಂಬ ಮಹಿಳೆ ಅದರ ಕಮಿಷನರ್, ಅಂದರೆ ಮುಖ್ಯ ಆಡಳಿತಾಧಿಕಾರಿ ಆದರು. ದೇಶದ ಇತರೆಡೆಯೂ ಅದೇ ವರ್ಷ ಹೈ ಕಂಟ್ರಿ, ಮೌಂಟನ್ ವೆಸ್ಟ್, ನಾರ್ಪ್ಯಾಕ್ ಎಂಬ ಮಹಿಳೆಯರ ಕಾನ್ಫರೆನ್ಸ್‌ಗಳು ಇಂಥದೇ ಒತ್ತಡದಿಂದ ಹುಟ್ಟಿದವು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವುಗಳ ತಂಡಗಳು ಪುರುಷರ ಕಾನ್ಫರೆನ್ಸ್‌ಗಳಿಗೆ ಸೇರಿಹೋದವು.

ಇನ್ನು ಫುಟ್‌ಬಾಲ್ ವಿಷಯ. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಧರಿಸಿ ಆಡುವ ಅಮೆರಿಕನ್ ಫುಟ್‌ಬಾಲ್. ಮಿಸೌರಿ ವ್ಯಾಲಿಯಲ್ಲಿ ಆಗ ದೊಡ್ಡ ದರ್ಜೆಯ ತಂಡಗಳೂ ಅದರ ಕೆಳಗಿನ ದರ್ಜೆಯ ತಂಡಗಳೂ ಬೆರೆತು ಆಡುತ್ತಿದ್ದವು. ಆ ಏರ್ಪಾಡು ಬಾಳುವಂತಿರಲಿಲ್ಲ. ಕೆಳ ದರ್ಜೆಯಲ್ಲಿದ್ದ ಇಲಿನಾಯ್ ಸ್ಟೇಟ್ ಮತ್ತು ಸದರ್ನ್ ಇಲಿನಾಯ್, ಮಿಡ್-ಕಾಂಟಿನೆಂಟ್‌ನಲ್ಲಿದ್ದ ಇನ್ನೂ ನಾಲ್ಕು ವಿಶ್ವವಿದ್ಯಾಲಯಗಳು ತಮ್ಮ ಫುಟ್‌ಬಾಲ್ ತಂಡಗಳನ್ನು ಒಂದೆಡೆ ಸೇರಿಸಲು ನಿರ್ಧರಿಸಿದಾಗ, ಆ ಆರೂ ಆಗಲೇ ಒಟ್ಟಿಗಿದ್ದ ಸಂಸ್ಥೆ ಗೇಟ್‌ವೇ ಆಗಿತ್ತು. ಕಚೇರಿ, ನಿಯಮಾವಳಿ, ಕಮಿಷನರ್ ಎಲ್ಲವೂ ಸಿದ್ಧವಾಗಿದ್ದವು. ಹೀಗೆ 1985ರಲ್ಲಿ ಗೇಟ್‌ವೇಗೆ ಫುಟ್‌ಬಾಲ್ ಬಂದಿತು. ಮಹಿಳೆಯರು ಮೂರೇ ವರ್ಷಗಳಲ್ಲಿ ಕಟ್ಟಿದ ಆಡಳಿತ ವ್ಯವಸ್ಥೆಯನ್ನು ನಂಬಿ ಪುರುಷರ ಅತಿ ಪ್ರತಿಷ್ಠೆಯ ಕ್ರೀಡೆ ಅದರೊಳಗೆ ಬಂದದ್ದು ಸಣ್ಣ ಮಾತಲ್ಲ, ಇದನ್ನು ಬರೆಯುವಾಗ ನನಗೆ ಸಂತೋಷವೇ ಆಗುತ್ತದೆ.

ನಂತರದ ಬೆಳವಣಿಗೆಗೆ ಕಾರಣ ಸದಸ್ಯತ್ವದ ಲೆಕ್ಕಾಚಾರ. ಸೌತ್‌ವೆಸ್ಟ್ ಮಿಸೌರಿ 1990ರಲ್ಲಿ, ನಾರ್ದರ್ನ್ ಅಯೋವಾ 1991ರಲ್ಲಿ ಮಿಸೌರಿ ವ್ಯಾಲಿಗೆ ಸೇರಿದ ಮೇಲೆ ಎರಡೂ ಸಂಸ್ಥೆಗಳ ಸದಸ್ಯರು ಹೆಚ್ಚುಕಡಿಮೆ ಒಬ್ಬರೇ ಆದರು. ಒಂದೇ ವಿಶ್ವವಿದ್ಯಾಲಯ ಪುರುಷರಿಗೊಂದು, ಮಹಿಳೆಯರಿಗೊಂದು ಕಾನ್ಫರೆನ್ಸ್‌ಗೆ ಹಣ ಕಟ್ಟುವುದೇಕೆ ಎಂಬ ಪ್ರಶ್ನೆ ಸಹಜವಾಗಿತ್ತು. 1992ರಲ್ಲಿ ಗೇಟ್‌ವೇಯ ಮಹಿಳೆಯರ ಕ್ರೀಡೆಗಳು ಮಿಸೌರಿ ವ್ಯಾಲಿಯಲ್ಲಿ ವಿಲೀನವಾದವು. ಈಸ್ಟರ್ನ್ ಮತ್ತು ವೆಸ್ಟರ್ನ್ ಇಲಿನಾಯ್ ತಂಡಗಳು ಮಿಡ್-ಕಾಂಟಿನೆಂಟ್‌ಗೆ ಹೋದವು. ಆಗ ಮೂಲ ಸಂಸ್ಥೆಯಲ್ಲಿ ಉಳಿದದ್ದು ಫುಟ್‌ಬಾಲ್ ಒಂದೇ. ಹೆಸರು ಗೇಟ್‌ವೇ ಫುಟ್‌ಬಾಲ್ ಕಾನ್ಫರೆನ್ಸ್ ಆಯಿತು, 2008ರಲ್ಲಿ ಈಗಿನ ಹೆಸರು ಬಂದಿತು. ವಿವೆರಿಟೊ ಈ ಎಲ್ಲ ಬದಲಾವಣೆಗಳ ನಡುವೆಯೂ ಕಮಿಷನರ್ ಆಗಿ ಮುಂದುವರಿದರು.

ಮಹಿಳೆಯರ ಕ್ರೀಡೆ ಸೊರಗಿದ್ದರಿಂದ ವಿಲೀನವಾಯಿತೆಂದು ದಯವಿಟ್ಟು ಭಾವಿಸಬೇಡಿ. ಗೇಟ್‌ವೇಯ ಕೊನೆಯ ಋತುವಾದ 1992ರಲ್ಲಿಯೇ ಚೆರಿಲ್ ಬರ್ನೆಟ್ ತರಬೇತಿಯ ಸೌತ್‌ವೆಸ್ಟ್ ಮಿಸೌರಿ ಸ್ಟೇಟ್ ತಂಡ, ತನ್ನ ವಲಯದಲ್ಲಿ ಎಂಟನೇ ಶ್ರೇಯಾಂಕದಲ್ಲಿದ್ದರೂ, ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್‌ನ ಕೊನೆಯ ನಾಲ್ಕರ ಘಟ್ಟವನ್ನು ತಲುಪಿತ್ತು. ವಿಲೀನದ ನಂತರವೂ ಆಟಗಾರ್ತಿಯರಿಗೆ ಸೌಲಭ್ಯಗಳು ಹೆಚ್ಚುತ್ತಲೇ ಹೋದವು. ಕುಗ್ಗಿದ್ದು ಅಧಿಕಾರ. ದೇಶದಾದ್ಯಂತ 1972ರಲ್ಲಿ ಮಹಿಳೆಯರ ಕಾಲೇಜು ತಂಡಗಳ ಕೋಚ್‌ಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಮಹಿಳೆಯರಾಗಿದ್ದರು. ಮುಂದೆ ಆ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಪುರುಷರ ಮತ್ತು ಮಹಿಳೆಯರ ಕ್ರೀಡಾ ವಿಭಾಗಗಳನ್ನು ಒಂದುಗೂಡಿಸಿದ ಕಡೆಗಳಲ್ಲಿ ನಿರ್ದೇಶಕರ ಹುದ್ದೆ ಸಾಮಾನ್ಯವಾಗಿ ಪುರುಷರಿಗೆ ಹೋಯಿತು, ಮಹಿಳಾ ನಿರ್ದೇಶಕಿ ಸಹಾಯಕಿಯಾದರು. ವಿಲೀನವೇ ತಪ್ಪೆಂದು ನಾನು ಹೇಳಲಾರೆ. ಆದರೆ ಸಭೆಯಲ್ಲಿ ಎಷ್ಟು ಮತಗಳು ಮಹಿಳೆಯರ ಕೈಯಲ್ಲಿ ಉಳಿಯಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕಿತ್ತು ಎಂದು ದೃಢವಾಗಿ ನಂಬುತ್ತೇನೆ.

ಬೇರೆ ರೀತಿಯಲ್ಲಿಯೂ ನಡೆಯಬಹುದಿತ್ತು ಎಂಬುದಕ್ಕೆ ಈಶಾನ್ಯ ಅಮೆರಿಕದಲ್ಲಿ ಒಂದು ನಿದರ್ಶನವಿದೆ. ವೆಲ್ಸ್‌ಲಿ, ಸ್ಮಿತ್, ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜುಗಳು ಎಂಐಟಿಯಂಥ ಸಹಶಿಕ್ಷಣ ಸಂಸ್ಥೆಗಳ ಜೊತೆಗೂಡಿ ಎಂಬತ್ತರ ದಶಕದಲ್ಲಿ ಮಹಿಳೆಯರ ಕಾನ್ಫರೆನ್ಸ್ ಒಂದನ್ನು ನಡೆಸುತ್ತಿದ್ದವು. ಅಲ್ಲಿ ಮಹಿಳೆಯರ ತಂಡಗಳು ಪುರುಷರ ಸಂಸ್ಥೆಗೆ ಹೋಗಿ ಸೇರಲಿಲ್ಲ. 1998ರಲ್ಲಿ ಆ ಕಾನ್ಫರೆನ್ಸ್ ಪುರುಷರ ಕ್ರೀಡೆಗಳನ್ನು ತನ್ನೊಳಗೆ ಸೇರಿಸಿಕೊಂಡು ನ್ಯೂ ಇಂಗ್ಲೆಂಡ್ ವಿಮೆನ್ಸ್ ಅಂಡ್ ಮೆನ್ಸ್ ಅಥ್ಲೆಟಿಕ್ ಕಾನ್ಫರೆನ್ಸ್ ಆಯಿತು. ಅದು ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಮೂರನೇ ದರ್ಜೆಯ ಕಾಲೇಜುಗಳ ಕಾನ್ಫರೆನ್ಸ್ ಆದ್ದರಿಂದ ಗೇಟ್‌ವೇಯ ಮೇಲಿದ್ದಂಥ ಹಣದ ಒತ್ತಡ ಅದರ ಮೇಲಿರಲಿಲ್ಲ. ಗೇಟ್‌ವೇ ಬಗ್ಗೆ ಮುಂದೆ ಓದುವುದಾದರೆ ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.