ಮರು: ಕೆಟ್ಟ ಮೈಟೊಕಾಂಡ್ರಿಯಾ ಯಾವುದು ಅಂತ ಕೋಶಕ್ಕೆ ಗೊತ್ತಾಗೋದು ಹೇಗೆ?

ನಮಸ್ಕಾರ. ಒಂದೇ ಕೋಶದಲ್ಲಿ ನೂರಾರು ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಪುಟ್ಟ ಅಂಗಗಳು) ಇರುವಾಗ ಕೆಟ್ಟಿದ್ದನ್ನು ಗುರುತಿಸುವುದು ಹೇಗೆ, ಅದಕ್ಕೂ ಪಾರ್ಕಿನ್ಸನ್ ಕಾಯಿಲೆಗೂ ಏನು ನಂಟು ಅಂತ ಕೇಳಿದ್ದೀರಿ.

ಗುಟ್ಟು ಇರುವುದು ಪಿಂಕ್1 ಎಂಬ ಪ್ರೋಟೀನಿನಲ್ಲಿ. ಕೋಶ ಇದನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಮೈಟೊಕಾಂಡ್ರಿಯಾ ಚೆನ್ನಾಗಿದ್ದರೆ ಅದರ ಒಳಪೊರೆಯ ವಿದ್ಯುತ್ ಸೆಳೆತಕ್ಕೆ ಪಿಂಕ್1 ಒಳಗೆ ಹೋಗಿ, ತುಂಡಾಗಿ, ನಾಶವಾಗುತ್ತದೆ. ಆ ವಿದ್ಯುತ್ ಇಳಿಯಿತು ಅನ್ನಿ, ಒಳಗೆ ಹೋಗಲಾಗದೆ ಹೊರಪೊರೆಯ ಮೇಲೆ ಗುಡ್ಡೆ ಬೀಳುತ್ತದೆ. ಬೆಳಿಗ್ಗೆ ಹಾಕಿದ ಹಾಲಿನ ಪ್ಯಾಕೆಟ್ ಸಂಜೆಯಾದರೂ ಬಾಗಿಲಲ್ಲೇ ಬಿದ್ದಿದ್ದರೆ ಪಕ್ಕದ ಮನೆಯವರಿಗೆ ಅನುಮಾನ ಬರುತ್ತದಲ್ಲ, ಹಾಗೆ.

ಆಗ ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಆ ಮೈಟೊಕಾಂಡ್ರಿಯಾದ ಮೈತುಂಬ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ‘ಇದು ಕಸ’ ಅನ್ನುವ ಚೀಟಿಯಂತೆ ಅಂಟಿಸುತ್ತದೆ. ಚೀಟಿ ಬಿದ್ದದ್ದನ್ನು ಪೊರೆಯ ಚೀಲವೊಂದು ಸುತ್ತಿಕೊಂಡು ಕೋಶದ ಕಸ ಕರಗಿಸುವ ಲೈಸೋಸೋಮಿಗೆ ಒಪ್ಪಿಸುತ್ತದೆ. ಅಲ್ಲಿ ಅದು ಜೀರ್ಣ. ಇದೇ ಮೈಟೋಫಜಿ.

ಇನ್ನು ಕಾಯಿಲೆ. ಪಾರ್ಕಿನ್ ಜೀನ್ ಮತ್ತು ಅದರ ದೋಷ ಸಿಕ್ಕಿದ್ದು 1998ರಲ್ಲಿ, ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಲಕ್ಷಣ ಬಂದ ಜಪಾನಿನ ರೋಗಿಗಳಲ್ಲಿ. ಪಿಂಕ್1ಗೂ ಈ ಕಾಯಿಲೆಗೂ ಇರುವ ನಂಟು ಗೊತ್ತಾಗಿದ್ದು 2004ರಲ್ಲಿ. ಕೆಟ್ಟ ಮೈಟೊಕಾಂಡ್ರಿಯಾದ ಮೇಲೆ ಪಾರ್ಕಿನ್ ಹೋಗಿ ಕೂರುತ್ತದೆ ಅಂತ 2008ರಲ್ಲಿ ಅಮೆರಿಕದ ರಿಚರ್ಡ್ ಯೂಲ್ ತಂಡ ತೋರಿಸಿತು. ಪಾರ್ಕಿನ್ಸನ್‌ನಲ್ಲಿ ಸಾಯುವುದು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು. ಅವಕ್ಕೆ ಶಕ್ತಿ ಜಾಸ್ತಿ ಬೇಕು, ಜೊತೆಗೆ ಅವು ಒಡೆದು ಎರಡಾಗುವುದಿಲ್ಲ. ಕಸ ಉಳಿದರೆ ಅಲ್ಲೇ ಉಳಿಯಿತು.

ಆದರೆ ಹೆಚ್ಚಿನ ಪಾರ್ಕಿನ್ಸನ್ ರೋಗಿಗಳಲ್ಲಿ ಈ ಎರಡು ಜೀನ್‌ಗಳ ದೋಷ ಇರುವುದಿಲ್ಲ. ಹಾಗಾಗಿ ಮೈಟೋಫಜಿ ಹೆಚ್ಚಿಸುತ್ತೇವೆ ಅನ್ನುವ ಮಾತ್ರೆಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.