ಹೆಂಡತಿ, ಮಗಳು ಕೆನಡಾದಲ್ಲಿ, ನಾನು ಅಬುಧಾಬಿಯಲ್ಲಿ: ನನ್ನ ಪಿಆರ್ ಉಳಿದೀತೇ?

ಪ್ರಶ್ನೆ: 2023ರ ಜೂನ್ 10ರಂದು ನಾನು, ಹೆಂಡತಿ ಮತ್ತು ಮಗಳು ಕೆನಡಾದ ಕಾಯಂ ನಿವಾಸಿಗಳಾಗಿ (ಪಿಆರ್) ಟೊರಾಂಟೊದಲ್ಲಿ ಇಳಿದೆವು. ನನಗೆ ತಕ್ಕ ಕೆಲಸ ಸಿಗದೆ 2024ರ ಜನವರಿ 10ರಂದು ಅಬುಧಾಬಿಯ ಹಳೆಯ ಕಂಪನಿಗೇ ಮರಳಿದೆ. ಆಮೇಲೆ ಎರಡು ರಜೆಗಳಲ್ಲಿ ಒಟ್ಟು 45 ದಿನ ಅವರೊಂದಿಗೆ ಇದ್ದೆ. ಉಳಿದ ರಜೆ ಊರಿನಲ್ಲಿ ಕಾಯಿಲೆಯಲ್ಲಿರುವ ಅಮ್ಮನಿಗೆ ಮೀಸಲು. ಸಂಸಾರ ಅಲ್ಲೇ ಇರುವುದರಿಂದ ನನ್ನ ಪಿಆರ್‌ಗೆ ತೊಂದರೆಯಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ? ಹೆಂಡತಿಗೆ ಪೌರತ್ವ ಸಿಕ್ಕರೆ ನನಗೆ ಅನುಕೂಲವಾದೀತೇ?
- ಓದುಗರು, ಕುಂದಾಪುರ

ಉತ್ತರ: ನಿಮ್ಮ ಸ್ನೇಹಿತರ ಮಾತನ್ನು ದಯವಿಟ್ಟು ನಂಬಬೇಡಿ. ಮಂಗಳೂರಿನ ನನ್ನ ಕಚೇರಿಗೆ ಬರುವ ಗಲ್ಫ್ ಉದ್ಯೋಗಿಗಳಲ್ಲಿ ಅನೇಕರು ಇದೇ ಭರವಸೆಯ ಮೇಲೆ ವರ್ಷಗಳನ್ನು ಕಳೆದಿರುತ್ತಾರೆ. ಕೆನಡಾದ ಕಾನೂನಿನಂತೆ ಕಾಯಂ ನಿವಾಸಿಯು ಪ್ರತಿ ಐದು ವರ್ಷಗಳ ಅವಧಿಯಲ್ಲಿ ಕನಿಷ್ಠ 730 ದಿನ ಆ ದೇಶದಲ್ಲಿ ಇರಬೇಕು, ಮತ್ತು ಈ ಲೆಕ್ಕ ಮನೆಯ ಒಬ್ಬೊಬ್ಬರಿಗೂ ಪ್ರತ್ಯೇಕ. ನಿಮ್ಮ ಪತ್ನಿ ಅಲ್ಲಿ ಕಳೆದ ಒಂದು ದಿನವೂ ನಿಮ್ಮ ಖಾತೆಗೆ ಸೇರುವುದಿಲ್ಲ.

ನಿಮ್ಮದೇ ದಿನಗಳನ್ನು ಎಣಿಸೋಣ. ಬಂದ ದಿನ, ಹೊರಟ ದಿನ ಎರಡೂ ಪೂರ್ಣ ದಿನಗಳಾಗಿಯೇ ಲೆಕ್ಕಕ್ಕೆ ಬರುವುದರಿಂದ ಮೊದಲ ವಾಸ 215 ದಿನ. ರಜೆಯ 45 ಸೇರಿ 260. ಇನ್ನು 470 ದಿನ ಬೇಕು. ಇಳಿದ ದಿನದಿಂದ ಐದು ವರ್ಷ ತುಂಬುವುದು 2028ರ ಜೂನ್‌ನಲ್ಲಿ. ಹಿಂದಕ್ಕೆ ಎಣಿಸಿದರೆ, 2027ರ ಫೆಬ್ರುವರಿ ಕೊನೆಯ ವಾರದೊಳಗೆ ನೀವು ಕೆನಡಾ ಸೇರಿ, ಆಮೇಲೆ ಎಲ್ಲಿಗೂ ಹೋಗದೆ ಅಲ್ಲೇ ಉಳಿಯಬೇಕಾಗುತ್ತದೆ. ಅಮ್ಮನ ಆರೋಗ್ಯ ಸರಿಯಿಲ್ಲದಿರುವಾಗ ಅಷ್ಟು ಬಿಗಿಯಾಗಿ ಯೋಜಿಸುವುದು ಸರಿಯಲ್ಲ. 2026 ಮುಗಿಯುವ ಮೊದಲೇ ಹೋದರೆ ನಡುವೆ ಒಮ್ಮೆ ಊರಿಗೆ ಬಂದು ಹೋಗಲು ಎರಡು ತಿಂಗಳಷ್ಟು ಅವಕಾಶ ಉಳಿಯುತ್ತದೆ.

730 ತುಂಬಿದ ಮೇಲೂ ನಿಶ್ಚಿಂತರಾಗುವಂತಿಲ್ಲ, ಹೆಚ್ಚಿನವರು ಎಡವುವುದು ಇಲ್ಲಿಯೇ. ಐದು ವರ್ಷ ಕಳೆದ ಬಳಿಕ ಅಧಿಕಾರಿಗಳು ನೋಡುವುದು ಪರಿಶೀಲನೆಯ ದಿನದಿಂದ ಹಿಂದಿನ ಐದು ವರ್ಷಗಳನ್ನು ಮಾತ್ರ. ಹೀಗಾಗಿ 2028ರ ಜೂನ್ ನಂತರ ನಿಮ್ಮ 2023ರ ದಿನಗಳು ಒಂದೊಂದಾಗಿ ಲೆಕ್ಕದಿಂದ ಕಳಚಿಕೊಳ್ಳುತ್ತಾ ಹೋಗುತ್ತವೆ. 730 ತುಂಬಿತೆಂದು ಮರುವಾರವೇ ಅಬುಧಾಬಿಗೆ ಹೊರಟರೆ ಮತ್ತೆ ಕೊರತೆ ಬೀಳುತ್ತದೆ.

ಪತ್ನಿಯ ಪೌರತ್ವದ ವಿಚಾರ. ಕೆನಡಾದ ಪ್ರಜೆಯಾದ ಪತಿ ಅಥವಾ ಪತ್ನಿಯ ಜೊತೆಯಲ್ಲಿ ವಿದೇಶದಲ್ಲಿ ಕಳೆದ ದಿನಗಳು ಲೆಕ್ಕಕ್ಕೆ ಬರುತ್ತವೆ ಎಂಬುದು ನಿಜ, ಆದರೆ ಅವರು ಅಬುಧಾಬಿಯಲ್ಲಿ ನಿಮ್ಮೊಡನೆ ಒಂದೇ ಮನೆಯಲ್ಲಿ ಇರಬೇಕು. ಅವರು ಕೆನಡಾದಲ್ಲಿ, ನೀವು ಅಬುಧಾಬಿಯಲ್ಲಿ ಎಂಬ ಈಗಿನ ಸ್ಥಿತಿಯಲ್ಲಿ ಆ ರಿಯಾಯಿತಿ ನಿಮಗೆ ಅನ್ವಯಿಸದು.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೆನಡಾದ ತೆರಿಗೆ ಇಲಾಖೆಯ ಕಣ್ಣಿನಲ್ಲಿ ‘ನಿವಾಸಿ’ ಎಂಬುದರ ಅರ್ಥವೇ ಬೇರೆ. ಪತ್ನಿ, ಮಗು, ಮನೆ ಅಲ್ಲಿರುವುದರಿಂದ ನಿಮ್ಮನ್ನು ತೆರಿಗೆಯ ಮಟ್ಟಿಗೆ ನಿವಾಸಿಯೆಂದೇ ಪರಿಗಣಿಸಿ ಗಲ್ಫ್ ಸಂಬಳದ ವಿವರ ಕೇಳಬಹುದು. ಕೆನಡಾ ಮತ್ತು ಯುಎಇ ನಡುವೆ ತೆರಿಗೆ ಒಪ್ಪಂದವಿರುವುದರಿಂದ ಕೆನಡಾದ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿ. ಉದ್ಯೋಗಕ್ಕಾಗಿ ದೂರವಿರುವುದು ದಾಂಪತ್ಯ ಮುರಿದಂತಲ್ಲ. ಆದ್ದರಿಂದ ಮಕ್ಕಳ ಭತ್ಯೆಯ ಅರ್ಜಿಯಲ್ಲಿ ಪತ್ನಿ ‘ಬೇರ್ಪಟ್ಟವರು’ ಎಂದು ಗುರುತು ಹಾಕುವಂತಿಲ್ಲ.

ಪಿಆರ್ ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ಆಗ ಕೆನಡಾಕ್ಕೆ ಮರಳಲು ಹೊರಗಿನಿಂದ ಪ್ರವಾಸ ದಾಖಲೆಗೆ ಅರ್ಜಿ ಹಾಕಬೇಕು, ಆ ಹಂತದಲ್ಲಿಯೇ ದಿನಗಳ ಪರಿಶೀಲನೆ ನಡೆಯುತ್ತದೆ. ಕೊರತೆಯಿಂದ ಅದು ತಿರಸ್ಕೃತವಾದರೆ ಮೇಲ್ಮನವಿಗೆ 60 ದಿನಗಳ ಕಾಲಾವಕಾಶವಿದೆ. ತಾಯಿಯ ಅನಾರೋಗ್ಯ, ಮಗಳ ಹಿತ ಇಂಥ ಮಾನವೀಯ ಕಾರಣಗಳನ್ನು ಅಲ್ಲಿ ಪರಿಗಣಿಸುತ್ತಾರೆ, ಆದರೆ ಬಾಯಿಮಾತಿಗೆ ಬೆಲೆಯಿಲ್ಲ. ಅಮ್ಮನ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶವನ್ನು ದಿನಾಂಕ ಕಾಣುವಂತೆ ಈಗಲೇ ತೆಗೆದಿಡಿ. ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ಬೋರ್ಡಿಂಗ್ ಪಾಸ್‌ಗಳನ್ನು ಇಂದೇ ಫೋಟೊ ತೆಗೆದಿಟ್ಟುಕೊಳ್ಳಿ. ಆ ನುಣುಪು ಕಾಗದದ ಅಕ್ಷರ ನಮ್ಮ ಕರಾವಳಿಯ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿ, ಹೆಸರೂ ಓದಲಾಗದಂತಾಗುತ್ತದೆ.